ಚದುರಂಗದ ಆಟಗಾರರ ದಿನಚರಿ: ಅಭ್ಯಾಸಕ್ಕೆಷ್ಟು, ಆಟಕ್ಕೆಷ್ಟು?

(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣ ಸಂಘದ ವೇದಿಕೆಯಲ್ಲಿ ಚದುರಂಗದ ಮಾತೇಕೆ ಎಂದು ಕೆಲವು ಹಿರಿಯರಿಗೆ ಅನಿಸಬಹುದು. ಶತ್ರಂಜ್ ಎಂದರೆ ಹೊತ್ತು ಹಾಳುಮಾಡುವ ಆಟ ಎಂಬ ಮಾತು ನಮ್ಮ ಮನೆಗಳಲ್ಲಿ ಹಳೆಯದು. ಪ್ರೇಮಚಂದರ 'ಶತ್ರಂಜ್ ಕೆ ಖಿಲಾಡಿ' ಎಂಬ ಕಥೆಯನ್ನು ಉರ್ದು ಓದಿದವರು ಬಲ್ಲರು. 1977ರಲ್ಲಿ ಸತ್ಯಜಿತ್ ರಾಯ್ ಅದನ್ನು ಚಲನಚಿತ್ರ ಮಾಡಿದರು. 1856ರಲ್ಲಿ ಅವಧ್ ರಾಜ್ಯ ಈಸ್ಟ್ ಇಂಡಿಯಾ ಕಂಪನಿಯ ಕೈಸೇರುವ ಹೊತ್ತಿನಲ್ಲಿ ಲಖನೌದ ಇಬ್ಬರು ಜಹಗೀರುದಾರರು ಚದುರಂಗದ ಮಣೆ ಬಿಟ್ಟು ಏಳಲೇ ಇಲ್ಲ ಎಂಬುದು ಆ ಕಥೆ. ಹಿರಿಯರ ಆತಂಕದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಇಂದಿನ ಮಕ್ಕಳು ಮೊಬೈಲ್ ಹಿಡಿದು ಮೂರು ಮೂರು ನಿಮಿಷದ ಆಟಗಳನ್ನು ಒಂದರ ಹಿಂದೆ ಒಂದರಂತೆ ರಾತ್ರಿ ಹನ್ನೆರಡರವರೆಗೆ ಆಡುವುದನ್ನು ನೋಡಿದರೆ ಆ ಜಹಗೀರುದಾರರ ನೆನಪು ಬರುವುದು ಸಹಜ.

ಆದರೆ ಇದೇ ಆಟವನ್ನು ಜೀವನದ ಕೆಲಸವಾಗಿ ಮಾಡಿಕೊಂಡು ಮೇಲೆ ಬಂದವರು ತಮ್ಮ ದಿನವನ್ನು ಹೇಗೆ ಹಂಚಿಕೊಂಡರು ಎಂದು ವಿಚಾರಿಸಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅವರಲ್ಲಿ ಬಹುಪಾಲು ಜನ ಆಡಿದ್ದಕ್ಕಿಂತ ಹೆಚ್ಚು ಹೊತ್ತು ಒಬ್ಬರೇ ಕುಳಿತು ಕಲಿತಿದ್ದಾರೆ. ಈ ಹಂಚಿಕೆಯೇ ನನ್ನ ಇಂದಿನ ವಿಷಯ. ಚೆಸ್ ಆಡದವರೂ ದಯವಿಟ್ಟು ಕೇಳಿ. ಮುಂದಿನ ಮಾರ್ಚ್‌ನಲ್ಲಿ ಪರೀಕ್ಷೆ ಬರೆಯುವ ಪ್ರತಿಯೊಬ್ಬರಿಗೂ ಇದರಲ್ಲಿ ಒಂದು ಮಾತು ಇದೆ.

ಮೊದಲು ಎರಡು ಪದಗಳ ಅರ್ಥ ತಿಳಿದುಕೊಳ್ಳೋಣ. ಆಟ ಎಂದರೆ ಎದುರಾಳಿಯ ಮುಂದೆ ಕುಳಿತು ಗೆಲ್ಲಲೇಬೇಕೆಂದು ಆಡುವುದು. ಅಭ್ಯಾಸ ಎಂದರೆ ಎದುರಾಳಿ ಇಲ್ಲದಾಗ ಮಣೆಯ ಮುಂದೆ ಕುಳಿತು ಮಾಡುವ ಕೆಲಸ. ಅದರಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಒಂದು, ಸಮಸ್ಯೆಗಳನ್ನು ಬಿಡಿಸುವುದು. ಎರಡು, ಕೆಲವೇ ಕಾಯಿಗಳು ಉಳಿದಾಗ ಆಟ ಮುಗಿಸುವ ಕ್ರಮ ಕಲಿಯುವುದು. ಮೂರು, ದೊಡ್ಡ ಆಟಗಾರರ ಆಟಗಳನ್ನು ಪುಸ್ತಕದಿಂದ ನಡೆ ನಡೆಯಾಗಿ ಆಡಿ ನೋಡುವುದು. ನಾಲ್ಕು, ತಾನು ಆಡಿದ ಆಟವನ್ನು, ಅದರಲ್ಲೂ ಸೋತ ಆಟವನ್ನು, ಮತ್ತೆ ಮಣೆಯ ಮೇಲಿಟ್ಟು ಎಲ್ಲಿ ಕೆಟ್ಟಿತು ಎಂದು ಹುಡುಕುವುದು. ಈ ನಾಲ್ಕನೆಯದು ಎಲ್ಲಕ್ಕಿಂತ ಬೇಸರದ ಕೆಲಸ. ಹೆಚ್ಚು ಲಾಭ ಇರುವುದೂ ಅದರಲ್ಲೇ.

ಆಟ ಬೇರೆ, ಅಭ್ಯಾಸ ಬೇರೆ ಎಂಬ ಈ ತಿಳಿವಳಿಕೆ ಹೊಸದಲ್ಲ. ಒಂಬತ್ತು ಹತ್ತನೆಯ ಶತಮಾನದ ಬಾಗ್ದಾದಿನಲ್ಲಿ, ಅಬ್ಬಾಸಿ ಖಲೀಫರ ಕಾಲದಲ್ಲಿ, ಅಲ್-ಅದ್ಲಿ ಮತ್ತು ಅಸ್-ಸೂಲಿ ಎಂಬ ಶತ್ರಂಜ್ ಪಂಡಿತರಿದ್ದರು. ಇಬ್ಬರೂ ಆಟದ ಬಗ್ಗೆ ಗ್ರಂಥ ಬರೆದವರು. ಮಣೆಯ ಮೇಲೆ ಕೆಲವು ಕಾಯಿಗಳನ್ನಿಟ್ಟು 'ಇಲ್ಲಿಂದ ಹೇಗೆ ಗೆಲ್ಲುವೆ' ಎಂದು ಕೇಳುವ ಸಮಸ್ಯೆಗಳನ್ನು ಅರಬ್ಬಿಯಲ್ಲಿ ಮನ್ಸೂಬಾ ಎನ್ನುತ್ತಿದ್ದರು. ಖಲೀಫ ಅಲ್-ಮುಕ್ತಫಿಯ ಆಸ್ಥಾನದಲ್ಲಿ ಹೆಸರಾಗಿದ್ದ ಅಲ್-ಮಾವರ್ದಿ ಎಂಬ ಆಟಗಾರನನ್ನು ಅಸ್-ಸೂಲಿ ಸೋಲಿಸಿದ. ಆತ ಕಟ್ಟಿದ ಒಂದು ಸಮಸ್ಯೆ ಸಾವಿರ ವರ್ಷ ಉಳಿದುಬಂದು, ಇಪ್ಪತ್ತನೆಯ ಶತಮಾನದಲ್ಲಿ ರಷ್ಯಾದ ಗ್ರ್ಯಾಂಡ್‌ಮಾಸ್ಟರ್ ಯೂರಿ ಅವೆರ್ಬಾಖ್ ಅದಕ್ಕೆ ಉತ್ತರ ಕಂಡುಕೊಂಡರು. ಆಡಿ ಗೆದ್ದ ಪಂದ್ಯಗಳು ಮರೆತುಹೋದವು. ಕುಳಿತು ಯೋಚಿಸಿ ಬರೆದಿಟ್ಟದ್ದು ಉಳಿಯಿತು.

ಈಗ ಹತ್ತಿರದ ಕಾಲಕ್ಕೆ ಬರೋಣ. ಕ್ಯೂಬಾದ ಕಾಪಾಬ್ಲಾಂಕಾ ಹುಟ್ಟು ಪ್ರತಿಭೆಗೆ ಹೆಸರಾದವರು. 1916ರಿಂದ 1924ರವರೆಗೆ, ಅಂದರೆ ಎಂಟು ವರ್ಷ, ಟೂರ್ನಿ ಪಂದ್ಯಗಳಲ್ಲಿ ಒಂದೂ ಆಟ ಸೋಲಲಿಲ್ಲ. 1921ರಲ್ಲಿ ವಿಶ್ವ ಚಾಂಪಿಯನ್ ಆದರು. ಪುಸ್ತಕ ಹಿಡಿದು ಕೂರುವುದರಲ್ಲಿ ಅವರಿಗೆ ಆಸಕ್ತಿ ಕಡಿಮೆ ಎಂಬ ಮಾತೂ ಅಷ್ಟೇ ಪ್ರಸಿದ್ಧ. 1927ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಅವರ ಎದುರು ಕುಳಿತವರು ರಷ್ಯಾ ಮೂಲದ ಅಲೆಖೈನ್. ಅದುವರೆಗೆ ಅಲೆಖೈನ್ ಕಾಪಾಬ್ಲಾಂಕಾರನ್ನು ಒಂದು ಸಲವೂ ಸೋಲಿಸಿರಲಿಲ್ಲ. ಆದರೆ ಅವರು ಬರುವ ಮೊದಲು ಎದುರಾಳಿಯ ಆಟಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಆ ಸೋಲಿಲ್ಲದ ಆಟದಲ್ಲೂ ಎಲ್ಲೆಲ್ಲಿ ಸಡಿಲವಿದೆ ಎಂದು ಗುರುತು ಹಾಕಿಕೊಂಡಿದ್ದರು. 34 ಆಟ ನಡೆದವು. 25 ಸಮವಾದವು. ಕಾಪಾಬ್ಲಾಂಕಾ 3 ಗೆದ್ದರು, ಅಲೆಖೈನ್ 6 ಗೆದ್ದು ಚಾಂಪಿಯನ್ ಆದರು. ಒಬ್ಬರಿಗೆ ದೇವರು ಕೊಟ್ಟ ಪ್ರತಿಭೆ ಹೇರಳವಾಗಿತ್ತು. ಇನ್ನೊಬ್ಬರಿಗೂ ಪ್ರತಿಭೆ ಇತ್ತು, ಅದರ ಜೊತೆಗೆ ಮನೆಪಾಠವೂ ಆಗಿತ್ತು.

ಅಭ್ಯಾಸವನ್ನು ಒಂದು ಶಿಸ್ತಾಗಿ ಮಾಡಿದವರು ಸೋವಿಯತ್ ರಷ್ಯಾದ ಮಿಖಾಯಿಲ್ ಬೋಟ್ವಿನ್ನಿಕ್. ಅವರು 1948ರಲ್ಲಿ ವಿಶ್ವ ಚಾಂಪಿಯನ್ ಆದರು. ವೃತ್ತಿಯಿಂದ ವಿದ್ಯುತ್ ಇಂಜಿನಿಯರ್, ಡಾಕ್ಟರೇಟ್ ಪಡೆದವರು. ಕೆಲಸವೂ ಇದ್ದುದರಿಂದ ಸಿಕ್ಕ ಸಿಕ್ಕ ಪಂದ್ಯದಲ್ಲೆಲ್ಲ ಆಡುತ್ತಿರಲಿಲ್ಲ. ಆಡಿದ ಪ್ರತಿ ಆಟವನ್ನೂ ಕೂಲಂಕಷವಾಗಿ ಪರಿಶೀಲಿಸುತ್ತಿದ್ದರು. ಪರಿಶೀಲನೆಯನ್ನು ಬರೆದು ಪ್ರಕಟಿಸಿ, ಬೇರೆಯವರು ತಪ್ಪು ತೋರಿಸಲಿ ಎನ್ನುತ್ತಿದ್ದರು. ತಾವು ಸಿಗರೇಟು ಸೇದದವರಾದರೂ, ಹೊಗೆಯಲ್ಲಿ ಕುಳಿತು ಆಡುವ ಅಭ್ಯಾಸವಾಗಲಿ ಎಂದು ಗೆಳೆಯ ರಗೋಜಿನ್ ಜೊತೆಗಿನ ತರಬೇತಿ ಆಟಗಳಲ್ಲಿ ಮುಖದತ್ತ ಹೊಗೆ ಬಿಡಿಸಿಕೊಳ್ಳುತ್ತಿದ್ದರಂತೆ. ಅವರ ಶಾಲೆಯಲ್ಲಿ ಕಲಿತ ಕಾರ್ಪೊವ್, ಕಾಸ್ಪರೊವ್, ಕ್ರಾಮ್ನಿಕ್ ಮೂವರೂ ಮುಂದೆ ವಿಶ್ವ ಚಾಂಪಿಯನ್ನರಾದರು. ತನ್ನ ತಪ್ಪನ್ನು ನಾಲ್ಕು ಜನರ ಮುಂದೆ ಇಡುವ ಈ ಧೈರ್ಯವನ್ನು ನಾವು ಗಮನಿಸಬೇಕು. ನಮ್ಮಲ್ಲಿ ಎಷ್ಟೋ ಮಕ್ಕಳು ಕಿರುಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದೊಡನೆ ಅಂಕ ನೋಡಿ ಮಡಚಿ ಚೀಲಕ್ಕೆ ಹಾಕುತ್ತಾರೆ. ಕೆಂಪು ಶಾಯಿ ಬಿದ್ದ ಜಾಗವನ್ನು ಮತ್ತೆ ನೋಡುವುದಿಲ್ಲ.

ಇದೆಲ್ಲ ದೊಡ್ಡವರ ಕಥೆಯಾಯಿತು, ಲೆಕ್ಕವೇನು ಎಂದು ನೀವು ಕೇಳಬಹುದು. ಲೆಕ್ಕವೂ ಇದೆ. 2005ರಲ್ಲಿ ನೀಲ್ ಚಾರ್ನೆಸ್ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಪಂದ್ಯಗಳಲ್ಲಿ ಆಡುವ ಚೆಸ್ ಆಟಗಾರರ ಎರಡು ದೊಡ್ಡ ಗುಂಪುಗಳನ್ನು, ನೀವು ಒಬ್ಬರೇ ಕುಳಿತು ಕಲಿತದ್ದೆಷ್ಟು ಹೊತ್ತು, ಪಂದ್ಯ ಆಡಿದ್ದೆಷ್ಟು ಹೊತ್ತು, ಗುರುಗಳಿಂದ ಪಾಠ ಹೇಳಿಸಿಕೊಂಡದ್ದೆಷ್ಟು ಹೊತ್ತು ಎಂದು ವಿಚಾರಿಸಿದರು. ಮೂರೂ ಆಟಗಾರನ ಮಟ್ಟಕ್ಕೆ ನಂಟು ಇರುವ ಸಂಗತಿಗಳೇ. ಆದರೆ ಅವುಗಳಲ್ಲಿ ಹೆಚ್ಚು ಬಲವಾಗಿ ಕಂಡದ್ದು ಒಬ್ಬರೇ ಮನಸ್ಸಿಟ್ಟು ಮಾಡಿದ ಅಭ್ಯಾಸ. ಗ್ರ್ಯಾಂಡ್‌ಮಾಸ್ಟರ್ ಮಟ್ಟದವರು ಗಂಭೀರವಾಗಿ ಆಟಕ್ಕಿಳಿದ ಮೊದಲ ಹತ್ತು ವರ್ಷಗಳಲ್ಲಿ ಇಂಥ ಅಭ್ಯಾಸಕ್ಕೆ ಕೊಟ್ಟದ್ದು ಸುಮಾರು 5,000 ಗಂಟೆ. ಇದು ಮಧ್ಯಮ ಮಟ್ಟದ ಆಟಗಾರರಿಗಿಂತ ಸುಮಾರು ಐದು ಪಟ್ಟು.

ಐದು ಸಾವಿರ ಗಂಟೆ ಎಂದೊಡನೆ ಎದೆ ಝಲ್ಲೆನ್ನುತ್ತದೆ. ಈಗ ಭಾಗಾಕಾರ ಮಾಡಿ. ಹತ್ತು ವರ್ಷಕ್ಕೆ 3,650 ದಿನ. ದಿನಕ್ಕೆ ಬರುವುದು ಸುಮಾರು 82 ನಿಮಿಷ. ಒಂದೂವರೆ ಗಂಟೆಯೂ ಇಲ್ಲ! ಮಧ್ಯಮ ಮಟ್ಟದವರದು ದಿನಕ್ಕೆ 16 ನಿಮಿಷದ ಆಸುಪಾಸು. ಇದು ಆಟಗಾರರು ನೆನಪಿನಿಂದ ಕೊಟ್ಟ ಲೆಕ್ಕ, ಅದೂ ಸರಾಸರಿ. ಒಂದು ದಿನ ನಾಲ್ಕು ಗಂಟೆ ಕೂತಿರಬಹುದು, ಇನ್ನೊಂದು ದಿನ ಜ್ವರ ಬಂದು ಮಲಗಿರಬಹುದು. ಆದರೂ ಈ ಅಂಕಿ ನಮಗೆ ಒಂದು ಸಮಾಧಾನದ ಮಾತು ಹೇಳುತ್ತದೆ. ದಿನಕ್ಕೆ ಹದಿನಾಲ್ಕು ಗಂಟೆ ಓದಿದ ಹುಡುಗನ ಕಥೆ ಕೇಳಿ ಹೆದರಬೇಕಾಗಿಲ್ಲ. ಬೇಕಾದುದು ತಪ್ಪದೆ ಕೂರುವ ಒಂದು ಗಂಟೆ, ಒಂದೂವರೆ ಗಂಟೆ. ಅದು ಹತ್ತು ವರ್ಷ ತಪ್ಪಬಾರದು. ಕಷ್ಟ ಇರುವುದು ಅಲ್ಲಿ.

ಒಬ್ಬರೇ ಕುಳಿತು ಮಾಡಿದ ಅಭ್ಯಾಸಕ್ಕೆ ಇಷ್ಟು ಬೆಲೆ ಏಕೆ? ಹಾಲೆಂಡಿನ ಮನಶ್ಶಾಸ್ತ್ರಜ್ಞ ಡಿ ಗ್ರೂಟ್ 1946ರಲ್ಲಿ, ಅಮೆರಿಕದ ಚೇಸ್ ಮತ್ತು ಸೈಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಡುತ್ತವೆ. ಆಟದ ನಡುವಿನ ಒಂದು ಸ್ಥಿತಿಯನ್ನು ಕೆಲವೇ ಸೆಕೆಂಡು ತೋರಿಸಿ ಮುಚ್ಚಿದರು. ಯಾವ ಕಾಯಿ ಯಾವ ಮನೆಯಲ್ಲಿತ್ತು ಎಂದು ಕೇಳಿದರು. ಪಳಗಿದ ಆಟಗಾರರು ಹೆಚ್ಚುಕಡಿಮೆ ಎಲ್ಲವನ್ನೂ ಸರಿಯಾಗಿ ಜೋಡಿಸಿದರು, ಹೊಸಬರಿಗೆ ನಾಲ್ಕಾರು ಕಾಯಿ ಮಾತ್ರ ನೆನಪಿದ್ದವು. ಆಮೇಲೆ ಚೇಸ್ ಮತ್ತು ಸೈಮನ್ ಕಾಯಿಗಳನ್ನು ಅರ್ಥವಿಲ್ಲದೆ ಎಲ್ಲೆಂದರಲ್ಲಿ ಇಟ್ಟು ಅದೇ ಪ್ರಶ್ನೆ ಕೇಳಿದರು. ಈಗ ಪಳಗಿದವರಿಗೂ ಹೊಸಬರಿಗೂ ಹೆಚ್ಚಿನ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಅವರದು ಅದ್ಭುತ ನೆನಪಿನ ಶಕ್ತಿಯಲ್ಲ. ನಾವು 'ಅಮ್ಮ' ಎಂಬುದನ್ನು ಅಕ್ಷರ ಅಕ್ಷರ ಕೂಡಿಸದೆ ಒಂದೇ ನೋಟಕ್ಕೆ ಓದುವಂತೆ, ಅವರು ಕಾಯಿಗಳ ಗುಂಪನ್ನು ಒಂದೇ ನೋಟಕ್ಕೆ ಓದುತ್ತಾರೆ. ಈ ಓದು ಬರುವುದು ಸಾವಿರಾರು ಸ್ಥಿತಿಗಳನ್ನು ಸಾವಧಾನವಾಗಿ ಕಂಡಾಗ. ಮೂರು ನಿಮಿಷದ ಆಟದಲ್ಲಿ ಗಡಿಯಾರ ಓಡುತ್ತಿರುವಾಗ ಕಾಣುವುದು ಕಡಿಮೆ, ಕೈಗೆ ಬಂದದ್ದನ್ನು ಎತ್ತಿಡುವುದೇ ಹೆಚ್ಚು.

ಹಾಗಾದರೆ ಆಡುವುದೇ ಬೇಡವೇ? ಹಾಗೆಂದು ತಿಳಿದರೆ ದೊಡ್ಡ ತಪ್ಪಾಗುತ್ತದೆ. ನಮ್ಮ ವಿಶ್ವನಾಥನ್ ಆನಂದ್ ಅವರನ್ನೇ ತೆಗೆದುಕೊಳ್ಳಿ. 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದವರು. ಬಾಲ್ಯದಲ್ಲಿ ಅವರು ಪಳಗಿದ್ದು ಮದ್ರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿದ್ದ ತಾಲ್ ಚೆಸ್ ಕ್ಲಬ್ಬಿನಲ್ಲಿ. ಅಲ್ಲಿ ಐದು ನಿಮಿಷದ ಆಟ, ಗೆದ್ದವರು ಕೂರಬೇಕು, ಸೋತವರು ಎದ್ದು ಸರದಿಯ ಕೊನೆಗೆ ಹೋಗಬೇಕು. ಸರದಿಯಲ್ಲಿ ಕಾಯುವ ಬೇಸರವೇ ಗೆಲ್ಲುವ ಹಟ ಹುಟ್ಟಿಸಿತು. ಆದರೆ ಅದೇ ಹುಡುಗ ಮನೆಯಲ್ಲಿ ಮಾಡುತ್ತಿದ್ದುದೇನು? ತಂದೆಯ ಕೆಲಸದ ನಿಮಿತ್ತ ಕುಟುಂಬ ಫಿಲಿಪೀನ್ಸ್‌ನ ಮನಿಲಾದಲ್ಲಿದ್ದಾಗ ಅಲ್ಲಿನ ಟಿ.ವಿ.ಯಲ್ಲಿ ಮಧ್ಯಾಹ್ನ ಒಂದು ಚೆಸ್ ಕಾರ್ಯಕ್ರಮ ಬರುತ್ತಿತ್ತು. ಮಗ ಶಾಲೆಯಲ್ಲಿರುವಾಗ ತಾಯಿ ಸುಶೀಲಾ ಅವರು ಅದರಲ್ಲಿ ಕೊಡುವ ಸಮಸ್ಯೆಯನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಸಂಜೆ ತಾಯಿ ಮಗ ಕೂಡಿ ಬಿಡಿಸಿ ಉತ್ತರ ಕಳಿಸುತ್ತಿದ್ದರು. ಬಹುಮಾನವಾಗಿ ಪುಸ್ತಕ ಸಿಗುತ್ತಿತ್ತು. ಕೊನೆಗೆ ಕಾರ್ಯಕ್ರಮದವರೇ, ಬೇಕಾದ ಪುಸ್ತಕಗಳನ್ನೆಲ್ಲ ತೆಗೆದುಕೊಂಡು ಹೋಗು, ಇನ್ನು ಉತ್ತರ ಕಳಿಸಬೇಡ ಎಂದರೆಂದು ಆನಂದ್ ಹೇಳಿಕೊಂಡಿದ್ದಾರೆ. ತಾಯಂದಿರೇ, ಈ ಪ್ರಸಂಗವನ್ನು ನೀವು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಆ ತಾಯಿ ಮಗನಿಗಾಗಿ ಮಾಡಿದ್ದು ಬಹಳ ದುಡ್ಡಿನ ಕೆಲಸವಲ್ಲ. ಪೆನ್ನು ಕಾಗದ ಹಿಡಿದು ಟಿ.ವಿ. ಮುಂದೆ ಕುಳಿತದ್ದು.

ಆಟದ ಬಲದಿಂದಲೇ ಮೇಲೆ ಬಂದ ಇನ್ನೊಬ್ಬರು ಅವಿಭಜಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್. ಸರ್ ಉಮರ್ ಹಯಾತ್ ಖಾನ್ ಎಂಬ ಜಮೀನುದಾರರ ಆಶ್ರಯದಲ್ಲಿದ್ದವರು. ಅವರು ಕಲಿತದ್ದು ನಮ್ಮ ಹಳೆಯ ಹಿಂದೂಸ್ತಾನಿ ಕ್ರಮದ ಶತ್ರಂಜ್. ಅದರಲ್ಲಿ ಪದಾತಿ ಮೊದಲ ನಡೆಯಲ್ಲಿ ಎರಡು ಮನೆ ಹಾರುವಂತಿಲ್ಲ. ಪಾಶ್ಚಾತ್ಯ ನಿಯಮಗಳನ್ನು ಆಮೇಲೆ ಕಲಿತು ಇಂಗ್ಲೆಂಡಿಗೆ ಹೋಗಿ, 1929, 1932 ಮತ್ತು 1933ರಲ್ಲಿ ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದರು. 1930-31ರ ಹೇಸ್ಟಿಂಗ್ಸ್ ಪಂದ್ಯದಲ್ಲಿ ಕಾಪಾಬ್ಲಾಂಕಾರನ್ನೇ ಸೋಲಿಸಿದರು. ಆಟದ ಮಧ್ಯ ಮತ್ತು ಕೊನೆಯ ಭಾಗದಲ್ಲಿ ಅವರನ್ನು ಎದುರಿಸುವುದು ಕಷ್ಟವಾಗಿತ್ತು. ಆದರೆ ಆರಂಭದ ನಡೆಗಳ ಪುಸ್ತಕಜ್ಞಾನ ಕಡಿಮೆ ಇದ್ದುದರಿಂದ ಮೊದಲ ಹತ್ತು ಹದಿನೈದು ನಡೆಗಳಲ್ಲೇ ಹಲವು ಸಲ ಹಿಂದೆ ಬೀಳುತ್ತಿದ್ದರು. 1933ರ ಕೊನೆಗೆ ಭಾರತಕ್ಕೆ ಮರಳಿದ ಮೇಲೆ ದೊಡ್ಡ ಪಂದ್ಯಗಳಲ್ಲಿ ಕಾಣಿಸಿಕೊಳ್ಳಲಿಲ್ಲ. ವಿಶ್ವ ಚೆಸ್ ಸಂಸ್ಥೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟದ್ದು 2024ರಲ್ಲಿ. ಅವರು ತೀರಿಕೊಂಡು ಅಷ್ಟರಲ್ಲಿ ಐವತ್ತೆಂಟು ವರ್ಷವಾಗಿತ್ತು. ಪ್ರತಿಭೆ ಇರುವವನ ಕೈಗೆ ಸಕಾಲದಲ್ಲಿ ಪುಸ್ತಕ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿಯದು.

ಸಂಶೋಧಕರಲ್ಲೂ ಈ ವಿಷಯದಲ್ಲಿ ಒಂದೇ ಅಭಿಪ್ರಾಯವಿಲ್ಲ. 2007ರಲ್ಲಿ ಗೋಬೆ ಮತ್ತು ಕಾಂಪಿಟೆಲಿ ಅರ್ಜೆಂಟೀನಾದ 104 ಆಟಗಾರರ ಲೆಕ್ಕ ಪ್ರಕಟಿಸಿದರು. ಇಲ್ಲಿ ಒಂಟಿ ಅಭ್ಯಾಸದ ಜೊತೆಗೆ, ಇತರರೊಡನೆ ಕೂಡಿ ಆಡುತ್ತ ಕಲಿತ ಹೊತ್ತಿಗೂ ಆಟಗಾರನ ಮಟ್ಟಕ್ಕೂ ಬಲವಾದ ನಂಟು ಕಂಡಿತು. ಇನ್ನೂ ಒಂದು ಸಂಗತಿ: ಮಾಸ್ಟರ್ ಮಟ್ಟ ಮುಟ್ಟಲು ಒಬ್ಬರಿಗೆ ಸುಮಾರು 3,000 ಗಂಟೆ ಸಾಕಾಗಿತ್ತು, ಇನ್ನೊಬ್ಬರಿಗೆ 23,000 ಗಂಟೆಗೂ ಮೇಲೆ ಬೇಕಾಗಿತ್ತು. ಏಳು ಎಂಟು ಪಟ್ಟು ವ್ಯತ್ಯಾಸ! ಪೋಷಕರೇ, ಪಕ್ಕದ ಮನೆಯ ಹುಡುಗ ಎರಡು ಗಂಟೆ ಓದಿ ತೊಂಬತ್ತು ತೆಗೆದ, ನೀನು ನಾಲ್ಕು ಗಂಟೆ ಓದಿ ಅರವತ್ತೇ ಎಂದು ಬೈಯುವ ಮೊದಲು ಈ ಅಂಕಿಯನ್ನು ನೆನಪಿಸಿಕೊಳ್ಳಿ. ಗಂಟೆಗಳನ್ನು ಮಗುವಿನಿಂದ ಮಗುವಿಗೆ ಹೋಲಿಸಲಾಗದು. ಒಂದೇ ಮಗುವಿನ ಈ ತಿಂಗಳನ್ನು ಕಳೆದ ತಿಂಗಳಿಗೆ ಹೋಲಿಸಬಹುದು, ಅಷ್ಟೇ.

ಈ ಎರಡು ಕಡೆಯ ಮಾತುಗಳನ್ನು ಕೂಡಿಸಿದರೆ ನನಗೆ ಹೊಳೆಯುವುದು ಇಷ್ಟು. ಆಟ ನಮ್ಮ ತಪ್ಪುಗಳನ್ನು ಹೊರಗೆ ತರುತ್ತದೆ, ಅಭ್ಯಾಸ ಅವನ್ನು ತಿದ್ದುತ್ತದೆ. ಆಡದೆ ಬರೀ ಪುಸ್ತಕ ಓದುವವನಿಗೆ ತನಗೆ ಏನು ಬಾರದು ಎಂಬುದೇ ತಿಳಿಯುವುದಿಲ್ಲ. ಬರೀ ಆಡುವವನಿಗೆ ತಿಳಿದರೂ ನಿಂತು ನೋಡಲು ಪುರುಸೊತ್ತಿಲ್ಲ, ಅದೇ ತಪ್ಪನ್ನು ನೂರು ಸಲ ಮಾಡಿ ಅದನ್ನೇ ರೂಢಿ ಮಾಡಿಕೊಳ್ಳುತ್ತಾನೆ.

ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನಾಗಿ ನಾನು ಇದನ್ನು ತರಗತಿಯಲ್ಲಿ ದಿನವೂ ಕಾಣುತ್ತೇನೆ. ಉರ್ದು ಮಾಧ್ಯಮದ ನಮ್ಮ ಮಕ್ಕಳಲ್ಲಿ ಎರಡು ಬಗೆ. ಒಂದು ಬಗೆಯವರು ಸಂತೆಯಲ್ಲಿ, ಅಂಗಡಿಯಲ್ಲಿ, ಕ್ರಿಕೆಟ್ ಮೈದಾನದಲ್ಲಿ ಸೊಗಸಾಗಿ ಕನ್ನಡ ಮಾತಾಡುತ್ತಾರೆ. ಆದರೆ ಹತ್ತು ಸಾಲು ಬರೆಯಿರಿ ಎಂದರೆ ಒತ್ತಕ್ಷರ, ದೀರ್ಘ, ವಿಭಕ್ತಿ ಎಲ್ಲವೂ ತಪ್ಪು. ಇವರದು ಅಭ್ಯಾಸವಿಲ್ಲದ ಆಟ. ಇನ್ನೊಂದು ಬಗೆಯವರು ಸಂಧಿ ಸಮಾಸಗಳನ್ನು ಬಾಯಿಪಾಠ ಹೇಳುತ್ತಾರೆ, ಪ್ರಶ್ನೋತ್ತರ ಒಪ್ಪಿಸುತ್ತಾರೆ. ಆದರೆ ತಾಲ್ಲೂಕು ಕಚೇರಿಗೆ ಹೋಗಿ ಒಂದು ಅರ್ಜಿಯ ವಿಷಯ ಕನ್ನಡದಲ್ಲಿ ಕೇಳಲು ನಾಲಿಗೆ ಹೊರಳುವುದಿಲ್ಲ. ಇವರದು ಆಟವಿಲ್ಲದ ಅಭ್ಯಾಸ. ಹತ್ತನೆಯ ತರಗತಿಯಲ್ಲಿ ಕನ್ನಡ ವಿಷಯವೆಂದರೆ ಇಬ್ಬರೂ ಹೆದರುತ್ತಾರೆ, ಆದರೆ ಇಬ್ಬರಿಗೂ ಬೇಕಾದ ಮದ್ದು ಬೇರೆ ಬೇರೆ. ಮೊದಲಿನವರು ದಿನಕ್ಕೆ ಒಂದು ಪುಟ ಬರೆದು ತಿದ್ದಿಸಿಕೊಳ್ಳಬೇಕು. ಎರಡನೆಯವರು ದಿನಕ್ಕೆ ಹತ್ತು ನಿಮಿಷವಾದರೂ ಕನ್ನಡದಲ್ಲಿ ಮಾತಾಡಬೇಕು, ತಪ್ಪಾದರೆ ಆಗಲಿ. ನಿಮ್ಮ ಹೊತ್ತನ್ನು ಹಂಚುವ ಮೊದಲು ನೀವು ಯಾವ ಬಗೆ ಎಂದು ಕೇಳಿಕೊಳ್ಳಿ.

ಈಗಿನ ಕಾಲದ ಒಂದು ಎಚ್ಚರಿಕೆಯ ಮಾತು. 2024ರ ಡಿಸೆಂಬರಿನಲ್ಲಿ ಸಿಂಗಾಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ, ಹದಿನೆಂಟನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಚೆನ್ನೈನ ಡಿ. ಗುಕೇಶ್ ನಿಮಗೆಲ್ಲ ಗೊತ್ತು. ಅವರ ಗುರು ವಿಷ್ಣು ಪ್ರಸನ್ನ ಅವರು ಬೆಳೆಯುವ ವರ್ಷಗಳಲ್ಲಿ ಶಿಷ್ಯನನ್ನು ಕಂಪ್ಯೂಟರ್ ಎಂಜಿನ್‌ನಿಂದ ದೂರವಿಟ್ಟರು. ಎಂಜಿನ್ ಎಂದರೆ ಯಾವ ಸ್ಥಿತಿ ಕೊಟ್ಟರೂ ಅತ್ಯುತ್ತಮ ನಡೆಯನ್ನು ಕ್ಷಣದಲ್ಲಿ ಹೇಳುವ ಯಂತ್ರ. ಬೇರೆ ಮಕ್ಕಳೆಲ್ಲ ಅದನ್ನು ನೋಡಿ ಕಲಿಯುವಾಗ ಇವರು ತಮ್ಮ ತಲೆಯಿಂದಲೇ ಲೆಕ್ಕ ಹಾಕಬೇಕಾಗಿತ್ತು. ನಮ್ಮ ಮಕ್ಕಳ ಕೈಯಲ್ಲಿರುವ ಗೈಡು ಇದೇ ಎಂಜಿನ್. ಲೆಕ್ಕ ಓದಿದ ಕೂಡಲೇ ಗೈಡಿನಲ್ಲಿ ಉತ್ತರ ನೋಡಿ 'ಓಹೋ, ಹೀಗೆಯೇ' ಎಂದು ತಲೆಯಾಡಿಸಿದರೆ ಅದು ಅಭ್ಯಾಸವಲ್ಲ. ಹತ್ತು ನಿಮಿಷ ಒದ್ದಾಡಿ, ತಪ್ಪೋ ಸರಿಯೋ ಒಂದು ಉತ್ತರ ಬರೆದು, ಆಮೇಲೆ ಗೈಡು ತೆರೆಯಿರಿ. ಅದಕ್ಕಿಂತ ಮೊದಲು ತೆರೆದರೆ ಆ ಹತ್ತು ನಿಮಿಷ ನಷ್ಟ.

ಇನ್ನೊಂದು ಪ್ರಾಮಾಣಿಕ ಮಾತನ್ನೂ ಹೇಳಿಬಿಡುತ್ತೇನೆ. ಚೆಸ್ ಕಲಿಸಿದರೆ ಗಣಿತ ತಾನಾಗಿ ಬರುತ್ತದೆ ಎಂದು ಜಾಹೀರಾತು ಮಾಡುವವರಿದ್ದಾರೆ. ಇಂಗ್ಲೆಂಡಿನಲ್ಲಿ ಸುಮಾರು ನೂರು ಪ್ರಾಥಮಿಕ ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿ 2016ರಲ್ಲಿ ವರದಿ ಕೊಟ್ಟರು. ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಮೂವತ್ತು ವಾರ ಚೆಸ್ ಪಾಠ ಮಾಡಿ, ಒಂದು ವರ್ಷದ ನಂತರ ನೋಡಿದಾಗ ಗಣಿತದಲ್ಲಿ ಇತರ ಮಕ್ಕಳಿಗಿಂತ ಹೆಚ್ಚಳವೇನೂ ಕಾಣಲಿಲ್ಲ. ಆದ್ದರಿಂದ ಅಂಕಕ್ಕಾಗಿ ಚೆಸ್ ಆಡಬೇಡಿ, ಇಷ್ಟವಿದ್ದರೆ ಆಡಿ. ಚೆಸ್ಸಿನಿಂದ ಓದಿಗೆ ಬರಬಹುದಾದದ್ದು ಹೊತ್ತನ್ನು ಹಂಚುವ ಕ್ರಮ. ಅದೂ ತಾನಾಗಿ ಬರುವುದಿಲ್ಲ, ನೀವೇ ಎತ್ತಿ ತರಬೇಕು.

ಇನ್ನು ಕೆಲಸದ ಮಾತಿಗೆ ಬರೋಣ. ಹಂಗೇರಿಯ ಪೋಲ್ಗಾರ್ ಸಹೋದರಿಯರು ಶಾಲೆಗೆ ಹೋಗದೆ ಮನೆಯಲ್ಲೇ ಕಲಿತು ದಿನಕ್ಕೆ ಹಲವು ಗಂಟೆ ಚೆಸ್ಸಿಗೆ ಕೊಟ್ಟರು. ಗುಕೇಶ್ ನಾಲ್ಕನೆಯ ತರಗತಿಯ ನಂತರ ನಿಯಮಿತವಾಗಿ ಶಾಲೆಗೆ ಹೋಗಲಿಲ್ಲ. ಅದು ನಮ್ಮ ದಾರಿಯಲ್ಲ. ನಮಗೆ ಹೆಚ್ಚು ಹತ್ತಿರದವರು ಮೈಸೂರಿನ ಎಂ.ಎಸ್. ತೇಜ್‌ಕುಮಾರ್. ರೈಲ್ವೆ ನೌಕರಿಯಲ್ಲಿದ್ದುಕೊಂಡೇ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದವರು. ನಿಮಗೆ ಶಾಲೆ ಇದೆ, ಮದರಸಾ ಇದೆ, ಕೆಲವರಿಗೆ ಟ್ಯೂಷನ್, ಇನ್ನು ಕೆಲವರಿಗೆ ಸಂಜೆ ಅಂಗಡಿಯಲ್ಲಿ ಅಪ್ಪನಿಗೆ ನೆರವು. ಉಳಿಯುವುದು ಒಂದು ಗಂಟೆ ಎಂದೇ ಇಟ್ಟುಕೊಳ್ಳೋಣ.

ಚೆಸ್ ಕಲಿಯುವ ಆಸೆ ಇರುವವರು ಆ ಒಂದು ಗಂಟೆಯನ್ನು ಹೀಗೆ ಹಂಚಬಹುದು. ಮೊದಲ ಇಪ್ಪತ್ತು ನಿಮಿಷ ಸಮಸ್ಯೆಗಳು: ಕಾಯಿ ಮುಟ್ಟದೆ ತಲೆಯಲ್ಲೇ ಬಿಡಿಸಿ, ಉತ್ತರ ಬರೆದು, ಆಮೇಲೆ ಸರಿನೋಡಬೇಕು. ಮುಂದಿನ ಇಪ್ಪತ್ತೈದು ನಿಮಿಷ ಒಂದು ದಿನ ಅಂತ್ಯದ ಆಟದ ಪಾಠ, ಇನ್ನೊಂದು ದಿನ ದೊಡ್ಡ ಆಟಗಾರರ ಒಂದು ಆಟ. ಪುಸ್ತಕದ ಮೇಲೆ ಕಾಗದ ಮುಚ್ಚಿ, ಮುಂದಿನ ನಡೆ ಯಾವುದಿರಬಹುದು ಎಂದು ಊಹಿಸಿ, ನಂತರ ಕಾಗದ ಸರಿಸಬೇಕು. ಕೊನೆಯ ಹದಿನೈದು ನಿಮಿಷ ನಿಮ್ಮದೇ ಹಿಂದಿನ ಆಟಕ್ಕೆ. ವಾರದ ದಿನಗಳಲ್ಲಿ ಆಟವೇ ಬೇಡ. ಭಾನುವಾರ ಒಂದು ದೊಡ್ಡ ಆಟ, ಒಬ್ಬೊಬ್ಬರಿಗೆ ಅರ್ಧ ಗಂಟೆ. ನಡೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಆಡಿ. ಮುಗಿದ ಮೇಲೆ ಗೆದ್ದವರು ಸೋತವರು ಇಬ್ಬರೂ ಕೂಡಿ ಇನ್ನೊಂದು ಗಂಟೆ ಅದನ್ನೇ ಪರಿಶೀಲಿಸಿ. ಆಗ ವಾರದಲ್ಲಿ ಆಟ ಒಂದು ಗಂಟೆ, ಅಭ್ಯಾಸ ಏಳು ಗಂಟೆ. ಹೊಸದಾಗಿ ಕಲಿಯುವವರಿಗೆ ಈ ಲೆಕ್ಕ ಸಲ್ಲದು. ಕಾಯಿಗಳ ನಡೆ ಕೈಗೆ ಹತ್ತುವವರೆಗೆ ಕೆಲವು ತಿಂಗಳು ಧಾರಾಳವಾಗಿ ಆಡಲಿ, ಆಸೆ ಹುಟ್ಟುವುದು ಆಟದಿಂದಲೇ. ಪರೀಕ್ಷೆ ಹತ್ತಿರ ಬಂದಾಗ ಮೊದಲು ಆಟ ನಿಲ್ಲಿಸಿ, ಆಮೇಲೆ ಅಭ್ಯಾಸವನ್ನೂ ಕಡಿಮೆ ಮಾಡಿ. ಚದುರಂಗದ ಮಣೆ ಎಲ್ಲಿಗೂ ಓಡಿಹೋಗುವುದಿಲ್ಲ.

ಪರೀಕ್ಷೆಗೆ ಓದುವವರೂ ಇದೇ ಕ್ರಮವನ್ನು ತಿರುಗಿಸಿ ಹಾಕಿಕೊಳ್ಳಿ. ಹಳೆಯ ಪ್ರಶ್ನೆಪತ್ರಿಕೆಯನ್ನು ಮೂರು ಗಂಟೆ ಕುಳಿತು ಬರೆಯುವುದು ಆಟ. ಬರೆದದ್ದನ್ನು ತಿದ್ದಿ, ತಪ್ಪಿದ ಪಾಠಕ್ಕೆ ಮರಳುವುದು ಅಭ್ಯಾಸ. ಹತ್ತು ಪತ್ರಿಕೆ ಬರೆದು ಒಂದನ್ನೂ ತಿದ್ದದವರಿಗಿಂತ, ಎರಡು ಬರೆದು ಎರಡನ್ನೂ ತಿದ್ದಿದವರು ಮುಂದೆ ಹೋಗುತ್ತಾರೆ. ಒಂದು ಪತ್ರಿಕೆಯನ್ನೂ ಬರೆಯದೆ ಬರೀ ಓದಿದವರಿಗೆ ಪರೀಕ್ಷಾ ಕೊಠಡಿಯಲ್ಲಿ ಗಡಿಯಾರವೇ ಮೊದಲ ಎದುರಾಳಿ.

ಕೊನೆಗೆ ನಮ್ಮ ಹೆಣ್ಣುಮಕ್ಕಳ ವಿಷಯ. ಪೋಲ್ಗಾರ್ ಸಹೋದರಿಯರಲ್ಲಿ ಕಿರಿಯಳಾದ ಜುಡಿತ್ 1991ರಲ್ಲಿ ಹದಿನೈದು ವರ್ಷ ನಾಲ್ಕು ತಿಂಗಳಿಗೆ ಗ್ರ್ಯಾಂಡ್‌ಮಾಸ್ಟರ್ ಆದಾಗ, ಬಾಬಿ ಫಿಶರ್ ಅವರ 1958ರ ದಾಖಲೆ ಮುರಿಯಿತು. 2025ರಲ್ಲಿ ಜಾರ್ಜಿಯಾದ ಬಟುಮಿಯಲ್ಲಿ ನಡೆದ ಮಹಿಳಾ ವಿಶ್ವಕಪ್‌ನ ಫೈನಲ್‌ನಲ್ಲಿ ಎದುರುಬದುರಾದ ಇಬ್ಬರೂ ಭಾರತದವರು, ಕೊನೇರು ಹಂಪಿ ಮತ್ತು ದಿವ್ಯಾ ದೇಶಮುಖ್. ದಿವ್ಯಾ ಗೆದ್ದರು. ಈ ಹುಡುಗಿಯರಿಗೆ ಮನೆಯವರು ಕೊಟ್ಟ ಮುಖ್ಯವಾದ ವಸ್ತು ಹೊತ್ತು. ನಮ್ಮ ಮನೆಗಳಲ್ಲಿ ಗಂಡುಮಗ ಪುಸ್ತಕ ಹಿಡಿದು ಕೂತರೆ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ. ಹೆಣ್ಣುಮಗಳು ಕೂತರೆ ಹತ್ತು ನಿಮಿಷಕ್ಕೊಮ್ಮೆ ನೀರು ತಾ, ತಮ್ಮನನ್ನು ನೋಡಿಕೋ, ರೊಟ್ಟಿ ತಟ್ಟು ಎಂಬ ಕರೆ. ಅವಳ ಒಂದು ಗಂಟೆ ಆರು ಚೂರಾಗುತ್ತದೆ. ಚೂರು ಚೂರಾದ ಗಂಟೆಯಲ್ಲಿ ಚೆಸ್ಸೂ ಬರುವುದಿಲ್ಲ, ಗಣಿತವೂ ಬರುವುದಿಲ್ಲ. ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ: ದಿನಕ್ಕೆ ಒಂದು ಇಡಿಯಾದ ಗಂಟೆ. ಆ ಗಂಟೆಯಲ್ಲಿ ಅವಳನ್ನು ಯಾರೂ ಕರೆಯಬಾರದು. ನೀರನ್ನು ಅಣ್ಣನೇ ತಂದುಕೊಳ್ಳಲಿ.

ವಿದ್ಯಾರ್ಥಿಗಳೇ, ನೀವು ಎಷ್ಟು ಹೊತ್ತು ಕೂತಿರಿ ಎಂದು ಮನೆಯವರು ಕೇಳುತ್ತಾರೆ. ಎಷ್ಟು ಅಂಕ ಬಂತು ಎಂದು ನಾವು ಶಿಕ್ಷಕರು ಕೇಳುತ್ತೇವೆ. ಇವೆರಡರ ನಡುವಿನ ಪ್ರಶ್ನೆಯನ್ನು ನೀವೇ ನಿಮಗೆ ಕೇಳಿಕೊಳ್ಳಬೇಕು: ಇಂದು ನನ್ನ ಯಾವ ತಪ್ಪನ್ನು ನಾನು ಕಂಡುಹಿಡಿದೆ? ದಿನಕ್ಕೊಂದರಂತೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಿ. ಮುಂದಿನ ಸಮಾವೇಶಕ್ಕೆ ಬರುವಾಗ ಆ ನೋಟ್‌ಬುಕ್ಕನ್ನು ತನ್ನಿ. ನಾನೂ ನನ್ನದನ್ನು ತರುತ್ತೇನೆ.